ಕರಿಮಣ್ಣು ಡ್ರೋನ್

ಜೂನ್ ೩, ಮಂಗಳವಾರ

ಇವತ್ತೂ ಚೀಟಿ ಕೆಲಸ. ಮಡಿಸಿದ ಸೀರೆಗೆ ಚೀಟಿ ಅಂಟಿಸುವುದು. ಬೆಳಿಗ್ಗೆ ‘ಮಯೂರಿ’, ಮಧ್ಯಾಹ್ನದ ಮೇಲೆ ‘ರಾಜಕುಮಾರಿ’. ಮಗ್ಗ ಅದೇ, ನೂಲು ಅದೇ, ಅಂಚೂ ಅದೇ. ಪಕ್ಕದಲ್ಲಿ ಕೂತ ರತ್ನಾಬಾಯಿಯನ್ನು ಕೇಳಿದೆ, ಎರಡಕ್ಕೂ ಏನು ವ್ಯತ್ಯಾಸ ಅಂತ.

“ಚೀಟಿ,” ಅಂದಳು. “ಮಂದಿ ಉಡೂದು ಚೀಟೀನ ಬೇ. ಸೀರಿ ಅದರ ಕೂಡ ಸುಮ್ನ ಬರತೈತಿ.”

ಐದಕ್ಕೆ ಕೆಲಸ ಮುಗಿಯಿತು. ಕೈಯ ಅಂಟು ತೊಳೆದುಕೊಂಡು ಹಿಂದಿನ ಶೆಡ್ಡಿಗೆ ಹೋದೆ. ಅಲ್ಲಿ ಬ್ಯಾಂಡ್ ಪ್ರಾಕ್ಟೀಸ್. ಬನಹಟ್ಟಿಯಲ್ಲಿ ಮಗ್ಗ ನಡೆಯುತ್ತಿರುವ ತನಕ ಎಷ್ಟು ಗದ್ದಲ ಮಾಡಿದರೂ ಓಣಿಯವರು ಏನೂ ಅನ್ನುವುದಿಲ್ಲ. ಮೊದಲು ಜಮಖಂಡಿಯ ಒಂದು ಮನೆಯ ಮಾಳಿಗೆ ಮೇಲೆ ಮಾಡಿದಾಗ ಯಾರೋ ಗಿಟಾರ್ ಮೇಲೆ ಸೆಗಣಿ ನೀರು ಎರಚಿದ್ದರಂತೆ.

ಗಿಟಾರ್ ಗೌರೀಶ ಅವರದು. ಸಾವಕಾರರ ಮಗ. ಶೆಡ್ಡು, ಮಗ್ಗ, ಸೀರೆ, ಚೀಟಿ ಎಲ್ಲ ಅವರ ಮನೆಯದೇ. ಡ್ರಮ್ಸ್ ನಮ್ಮ ದೊಡ್ಡಪ್ಪನ ಮಗ ಮಾಳಿಂಗರಾಯ. ಹುನ್ನೂರಿನಲ್ಲಿ ಡೊಳ್ಳು ಬಾರಿಸುವವನು. ಕೀಬೋರ್ಡ್ ಬೀಳಗಿಯ ಸಿದ್ದಾರೂಢ. ಭಜನಾ ಮಂಡಳಿಯಲ್ಲಿ ಪೇಟಿ ನುಡಿಸುತ್ತಾನೆ. ನಾನು ಒದರುವವಳು.

ಅಪ್ಪ ಕಲಿಸಿದ್ದು. ಕುರಿ ಹಟ್ಟಿಗೆ ತೋಳ ಬಂದರೆ ಹೊಟ್ಟೆಯ ಬುಡದಿಂದ ಒದರಬೇಕು. ಗಂಟಲಿನಿಂದ ಒದರಿದರೆ ನಾವು ಹೆದರಿದ್ದೇವೆ ಅಂತ ತೋಳಕ್ಕೆ ತಿಳಿಯುತ್ತದೆ. ಐದನೇ ತರಗತಿಗೆ ಶಾಲೆ ಬಿಟ್ಟಿದ್ದೂ ಆ ಕುರಿಗಳ ಹಿಂದೆಯೇ. ನಾಲ್ಕು ಮಂದಿಯ ಎದುರು ಮಾತು ಬಾರದು ನನಗೆ. ಒದರಲು ಬರುತ್ತದೆ. ಮೈಕ್ ಮುಂದೆ ಕಣ್ಣು ಮುಚ್ಚಿಕೊಂಡರೆ ಆಯಿತು.

ಹಾಡಿದ್ದು ಸ್ವಲ್ಪ ಹೊತ್ತು. ಅದಕ್ಕೆ ಯಾವ ಹೆಸರು ಅಂತ ಜಗಳ ಒಂದು ತಾಸು. ಗಿಟಾರ್ ಗುಡುಗಿಸಿ ಒದರುವ ಈ ಸಂಗೀತಕ್ಕೆ ಮೆಟಲ್ ಅನ್ನುತ್ತಾರೆ, ಅದರಲ್ಲಿ ನೂರು ಬಗೆ. ಮೊನ್ನೆಯ ತನಕ ನಮ್ಮದು ಡೂಮ್ ಮೆಟಲ್. ಇವತ್ತು ಸ್ಲಡ್ಜ್. ಮುಂದಿನ ವಾರ ಇನ್ನೇನೋ. ಮಾಳಿಂಗರಾಯ ಕೋಲು ಕೆಳಗಿಟ್ಟ.

“ನಮ್ಮ ಹಾಡಿಕ್ಯಾಗ ಎರಡ ಪಾರ್ಟಿರಿ. ಹರದೇಶಿ, ನಾಗೇಶಿ. ಒಂದು ಗಂಡಿನ ಕಡಿ, ಒಂದು ಹೆಣ್ಣಿನ ಕಡಿ. ಬೆಳತನಕ ಜಗಳಾಡಾಕ ಅಷ್ಟ ಸಾಕಾಗತೈತಿ. ನಿಮಗ್ಯಾಕ ಇಷ್ಟು ಬೇಕ್ರಿ?”

“ನಿನಗ ತಿಳಿಯಾಂಗಿಲ್ಲ ಬಿಡಲೇ,” ಅಂದರು ಗೌರೀಶ ಅವರು. ನಗುತ್ತಲೇ ಅಂದರು.

ಒಳ್ಳೆಯ ದಿನ.


ಜೂನ್ ೧೨

ರೆಕಾರ್ಡಿಂಗ್ ಆಯಿತು! ‘ಹಟ್ಟಿ’ ಹಾಡು. ಮಾತು ಬರೆದದ್ದು ನಾನು. ಚೀಟಿಯ ಹಾಳೆಯ ಹಿಂದೆ ಬರೆದಿದ್ದೆ—

ಹಲ್ಲು ತಾ, ಹಸಿವು ತಾ,
ಈ ಹಟ್ಟಿಗೆ ನಾನೇ ಅಗಳಿ.

ಒಂದೇ ಸಲಕ್ಕೆ ಒದರಿದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿಸಿಕೊಂಡೆ. ಇದು ನನ್ನೊಳಗೆ ಎಲ್ಲಿತ್ತು? ಸಿದ್ದಾರೂಢ ತೋಳು ಚಾಚಿ ತೋರಿಸಿದ. “ನೋಡ್ರಿ, ಕೂದಲಾ ನಿಂತಾವು.” ಗೌರೀಶ ಅವರು ಎರಡು ಸಲ, ಮೂರು ಸಲ ಹಾಕಿ ಕೇಳಿದರು. ಮೆಚ್ಚಿರಬೇಕು.

ಅವ್ವನಿಗೆ ಇನ್ನೂ ಹೇಳಿಲ್ಲ. ಇಂಟರ್‌ನೆಟ್ಟಿನಲ್ಲಿ ಹೆಸರು ಬರಲಿ. ಆಮೇಲೆ ತೋರಿಸುತ್ತೇನೆ.


ಜೂನ್ ೧೯

ತೆಗೆದರು.

ಬ್ಯಾಂಡಿನಿಂದ ನನ್ನನ್ನು. ಗೌರೀಶ ಅವರು ಶೆಡ್ಡಿನ ಬಾಗಿಲಲ್ಲೇ ನಿಲ್ಲಿಸಿ ಹೇಳಿದರು. “ಪೂನಮ್, ನಾವು ಇನ್ನಮ್ಯಾಲ ಅಟ್ಮಾಸ್ಫಿಯರಿಕ್ ಬ್ಲ್ಯಾಕ್ ಮೆಟಲ್ ಮಾಡಾಕತ್ತೇವಿ. ನಿಂದು ಡೆತ್ ಮೆಟಲ್ ದನಿ. ದಪ್ಪ. ಬ್ಲ್ಯಾಕ್‌ದಾಗ ದನಿ ತೆಳ್ಳಗಿರಬೇಕು. ತಪ್ಪು ತಿಳಕೋಬ್ಯಾಡ. ಇದು ಜಾನರ್ ಪ್ರಶ್ನೆ.”

ಮಾಳಿಂಗರಾಯ ಡ್ರಮ್ಮಿನ ಬೋಲ್ಟು ಬಿಗಿಯುತ್ತಿದ್ದ. ಬಿಗಿಯುತ್ತಲೇ ಇದ್ದ.

“ಹೂಂರಿ,” ಅಂದೆ. ಮನೆಗೆ ಬಂದು ಜೋಳ ಹಸನು ಮಾಡಿದೆ. ಹಸನಾದ ಜೋಳವನ್ನೇ ಮತ್ತೆ ಹಸನು ಮಾಡಿದೆ.


ಜುಲೈ ೧೦

ಎಷ್ಟೋ ದಿನ ಬರೆಯಲಿಲ್ಲ. ಬರೆಯುವುದೇನಿತ್ತು. ಇವತ್ತು ಇದೆ.

ಊಟದ ಹೊತ್ತಿಗೆ ರತ್ನಾಬಾಯಿ ಫೋನ್ ಮುಂದೆ ಹಿಡಿದಳು. “ಇಲ್ಲಿ ನೋಡ ಬೇ, ಸಾವಕಾರ್ರ ಮಗನ ಮೈಯಾಗ ಏನೋ ಹೊಕ್ಕೇತಿ!”

ವಿಡಿಯೋ. ಶೆಡ್ಡಿನ ಗೋಡೆ, ಹೊಗೆ, ಹಿಂದೆ ಬ್ಯಾಂಡಿನ ಇಬ್ಬರು, ಮುಂದೆ ಗೌರೀಶ. ಮುಖಕ್ಕೆ ಬಿಳಿ-ಕಪ್ಪು ಬಣ್ಣ. ಬಾಯಿ ತೆರೆಯುತ್ತಾನೆ—ನನ್ನ ದನಿ ಬರುತ್ತದೆ. ‘ಹಲ್ಲು ತಾ, ಹಸಿವು ತಾ.’ ಪೂರ್ತಿ ಹಾಡು, ಒಂದು ಉಸಿರೂ ಬಿಡದೆ ನನ್ನದು. ಕೆಳಗೆ ಬರೆದಿದೆ: ಸಾಹಿತ್ಯ ಮತ್ತು ವೋಕಲ್ಸ್—ಗೌರೀಶ.

ರೊಟ್ಟಿ ಅಲ್ಲೇ ಬಿಟ್ಟು ಎದ್ದೆ.

ನನ್ನ ಬಾಯಲ್ಲಿದ್ದಾಗ ಡೆತ್. ಅವನ ಬಾಯಲ್ಲಿ ಬ್ಲ್ಯಾಕ್. ಇವತ್ತಿನಿಂದ ‘ಅವರು’ ಇಲ್ಲ. ಅವನು.


ಜುಲೈ ೧೩, ಭಾನುವಾರ

ರಬಕವಿಯಲ್ಲಿರುವ ಸಾವಕಾರರ ಸೀರೆ ಅಂಗಡಿಗೆ ಹೋಗಿದ್ದೆ. ಭಾನುವಾರ ಅಲ್ಲಿ ಕೂರುವುದು ಗೌರೀಶ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಗಿರಾಕಿಗಳೆಲ್ಲ ಹೋಗುವ ತನಕ ಮೂಲೆಯಲ್ಲಿ ನಿಂತೆ.

“ಏನವಾ? ರಜಾ ಬೇಕಿತ್ತೇನ?”

“ಇಲ್ರಿ. ಹಾಡು… ಅದರಾಗ ನನ್ನ…”

“ಯಾವ ಹಾಡು? ಓ, ಅದಾ? ಅದು ನಿನ್ನ ದನಿ ಅಲ್ಲವಾ ಈಗ. ಲ್ಯಾಪ್‌ಟಾಪ್‌ದಾಗ ಪ್ರೊಸೆಸ್ ಮಾಡೇನಿ. ಮತ್ತ ಬ್ಲ್ಯಾಕ್ ಮೆಟಲ್‌ದಾಗ ಹೆಸರು ಮುಖ್ಯ ಅಲ್ಲ. ಅದ ಅದರ ಫಿಲಾಸಫಿ.”

“ನಿಮ್ಮ ಹೆಸರು ಐತಲ್ರಿ.”

ಇಷ್ಟು ಹೇಳಿದೆ. ಹೇಳಿದೆನೋ ಇಲ್ಲವೋ, ಬಹಳ ಸಣ್ಣ ದನಿಯಲ್ಲಿ. ಅವನು ಕೇಳಿಸಿಕೊಳ್ಳಲಿಲ್ಲ. ಹೊಸ ಗಿರಾಕಿಗೆ ‘ರಾಜಕುಮಾರಿ’ ಸೀರೆ ಬಿಚ್ಚಿ ತೋರಿಸುತ್ತಿದ್ದ. “ಇದು ಹೊಸಾ ಡಿಸೈನ್ರೀ ಅಕ್ಕಾರ. ಮಯೂರಿ ಬ್ಯಾರೆ, ಇದ ಬ್ಯಾರೆ.”

ನಾನೇ ಅಂಟಿಸಿದ ಚೀಟಿ.

ಬಸ್ಸಿನಲ್ಲಿ ಅಳಲಿಲ್ಲ. ಹಲ್ಲು ಕಚ್ಚಿ ಕೂತೆ. ಇವನನ್ನು ಬಿಡಬಾರದು. ಆ ದನಿ ನನ್ನದು, ನನ್ನದು ಅಂತ ಆಗುವ ತನಕ ಇವನನ್ನು ಬಿಡಬಾರದು.


ಜುಲೈ ೨೦, ಭಾನುವಾರ. ಮಧ್ಯಾಹ್ನ

ವಿಡಿಯೋದ ಕೆಳಗಿನ ಕಾಮೆಂಟ್ ಎಲ್ಲ ಓದಿದೆ. ಹುಬ್ಬಳ್ಳಿ, ಬೆಳಗಾವಿ, ಪುಣೆ—ಎಲ್ಲಿಯವರೋ. ಎಲ್ಲರೂ ಕಚ್ಚಾಡುತ್ತಿದ್ದಾರೆ. ಇದು ಅಟ್ಮಾಸ್ಫಿಯರಿಕ್ ಅಲ್ಲ, ಪೋಸ್ಟ್-ಬ್ಲ್ಯಾಕ್. ಪೋಸ್ಟ್-ಬ್ಲ್ಯಾಕ್ ಅಲ್ಲ, ಬ್ಲ್ಯಾಕನ್ಡ್ ಡೂಮ್. ಒಬ್ಬ ಇನ್ನೊಬ್ಬನಿಗೆ ‘ನಿನಗೆ ಕಿವಿ ಇದೆಯೇ’ ಅಂದಿದ್ದಾನೆ. ಅವನಿಗೆ ಇವನು ‘ಪೋಸರ್’ ಅಂದಿದ್ದಾನೆ. ಪೋಸರ್ ಅಂದರೆ ಸೋಗು ಹಾಕುವವನು. ಇವರಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ ಅಂತ ತೋರುತ್ತದೆ.

ದನಿ ಯಾರದು ಅಂತ ಒಬ್ಬನೂ ಕೇಳಿಲ್ಲ.

ಗೌರೀಶ ಪ್ರತಿಯೊಬ್ಬನಿಗೂ ಉತ್ತರ ಬರೆದಿದ್ದಾನೆ. ಉದ್ದುದ್ದ. ಕೈ ಮುಗಿದು ನಿಂತವನ ಹಾಗೆ. ಚೀಟಿ ಮಾರುವ ಮನೆಯ ಹುಡುಗ ಚೀಟಿಗೆ ಇಷ್ಟು ಹೆದರುತ್ತಾನೆ ಅಂತ ಗೊತ್ತಿರಲಿಲ್ಲ.

ಗೊತ್ತಾಯಿತು.

ಹೊಸ ಅಕೌಂಟ್ ತೆರೆದೆ. ಹೆಸರು ‘ಕರಿಗಲ್ಲು’. ಫೋಟೋಕ್ಕೆ ಅವ್ವನ ಒರಳುಕಲ್ಲನ್ನು ಲೈಟ್ ಆರಿಸಿ ತೆಗೆದು ಹಾಕಿದೆ. ಭಯಂಕರವಾಗಿ ಬಂದಿದೆ. ಏನು ಬರೆಯುವುದು? ನನಗೆ ಈ ಇಂಗ್ಲಿಷ್ ಹೆಸರುಗಳ ಹಿಂದುಮುಂದು ತಿಳಿಯದು. ತಿಳಿದಷ್ಟೇ ಬರೆದೆ:

ಕೀಬೋರ್ಡ್ ಇದೆ. ಪ್ಯೂರ್ ಅಲ್ಲ.


ಅದೇ ದಿನ. ಸಂಜೆ

ಅರವತ್ತು ಲೈಕ್! ‘ಕೊನೆಗೂ ಒಬ್ಬರು ಹೇಳಿದರು’ ಅಂತ ಹುಬ್ಬಳ್ಳಿಯವನು ಬರೆದಿದ್ದಾನೆ. ಉದ್ದ ಬರೆದವರನ್ನು ಎಲ್ಲರೂ ಬೈಯುತ್ತಾರೆ. ಎರಡು ಮಾತು ಬರೆದವರನ್ನು ದೊಡ್ಡವರು ಅಂದುಕೊಳ್ಳುತ್ತಾರೆ.

ಗೌರೀಶ ಇನ್‌ಬಾಕ್ಸಿಗೇ ಬಂದ. ‘ಸರ್, ತಾವು ತಿಳಿದವರು. ಕೀಬೋರ್ಡ್ ತೆಗೆದರೆ ರಾ ಬ್ಲ್ಯಾಕ್ ಆಗುತ್ತದೆಯೇ?’

ಸರ್. ತಾವು.

ಉತ್ತರ ಕೊಡಲಿಲ್ಲ. ಒದ್ದಾಡಲಿ.


ಆಗಸ್ಟ್ ೩, ಭಾನುವಾರ

ಸಿದ್ದಾರೂಢ ಹೋದ. ಕೀಬೋರ್ಡನ್ನು ಹಾಸಿಗೆಯ ಚಾದರದಲ್ಲಿ ಸುತ್ತಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಬೀಳಗಿ ಬಸ್ಸಿಗೆ ಕಾಯುತ್ತಿದ್ದ. ನನ್ನನ್ನು ನೋಡಿ ನಕ್ಕ.

“ನನ್ನೂ ತಗದ್ರವಾ. ನಾನು ಮೆಲೋಡಿಕ್ ಅಂತ. ಹುಟ್ಟಿದಾಗಿಂದ ಯಾರೂ ನನಗ ಹಂತಾ ಮಾತು ಅಂದಿದ್ದಿಲ್ಲ.”

“ಬ್ಯಾಸರಾ ಆತೇನ್ರಿ?”

“ಕನ್ಯಾ ನೋಡಾಕ ಹೋದಲ್ಲೂ ಇಷ್ಟು ಒಳಪಂಗಡ ಕೇಳಿದ್ದಿಲ್ಲಬೇ. ಅಲ್ಲಿ ಮೂರನೇ ಪ್ರಶ್ನೆಕ್ಕ ಚಾ ಆದ್ರೂ ಕೊಡತಾರು. ಹೋಗ್ಲಿ. ಭಜನ್ಯಾಗ ನಾ ಇನ್ನೂ ಪ್ಯೂರ್ ಅದೇನಿ.”

ಬಸ್ಸು ಬಂತು. ಸೀಟು ಹಿಡಿಯಲು ಕೀಬೋರ್ಡನ್ನೇ ಕಿಟಕಿಯಿಂದ ಒಳಗೆ ತೂರಿಸಿದ.

ಅವನು ನನಗೆ ಕೆಟ್ಟದ್ದು ಮಾಡಿದವನಲ್ಲ. ಆದರೆ ವಿಡಿಯೋದಲ್ಲಿ ಅವನೂ ಇದ್ದ. ಆ ದನಿ ಯಾರದೆಂದು ಅವನಿಗೂ ಗೊತ್ತಿತ್ತು. ಹೋಗಲಿ.


ಆಗಸ್ಟ್ ೧೭, ಭಾನುವಾರ

ಈಗ ಅವನು ರಾ ಬ್ಲ್ಯಾಕ್. ನಾಲ್ಕು ದಿನ ಡಿಪ್ರೆಸಿವ್ ಆಗಿದ್ದ. ನಡುವೆ ಒಂದು ಮಧ್ಯಾಹ್ನ ‘ಫ್ಯೂನರಲ್’ ಅಂತಲೂ ಬರೆದುಕೊಂಡು ಅಳಿಸಿದ. ನಾನು ಒಂದೊಂದೇ ಮಾತು ಹಾಕುತ್ತೇನೆ. ‘ಹಳತಾಯಿತು.’ ‘ಪುಣೆಯಲ್ಲಿ ಇದನ್ನು ಬಿಟ್ಟರು.’ ‘ಹ್ಮ್.’ ಈ ‘ಹ್ಮ್’ಗೆ ಎರಡು ದಿನ ಅವನಿಗೆ ನಿದ್ದೆ ಬರಲಿಲ್ಲವಂತೆ. ಇನ್‌ಬಾಕ್ಸಿನಲ್ಲಿ ತಾನೇ ಬರೆದುಕೊಂಡಿದ್ದಾನೆ. ಓದಿ ಓದಿ ಖುಷಿಪಟ್ಟೆ.

ಬೆಳಿಗ್ಗೆ ಶೆಡ್ಡಿಗೆ ಬಂದು ‘ಏ, ಚೀಟಿ ಸೊಟ್ಟ ಹಚ್ಚಬ್ಯಾಡ’ ಅನ್ನುತ್ತಾನೆ. ಮಧ್ಯಾಹ್ನ ಅಲ್ಲೇ ಕೂತು ಫೋನಿನಲ್ಲಿ ‘ಸರ್, ದಾರಿ ತೋರಿಸಿ’ ಅನ್ನುತ್ತಾನೆ. ನಾನು ಅವನೆದುರಿಗೇ ಕೂತು ಚೀಟಿ ಅಂಟಿಸುತ್ತಿರುತ್ತೇನೆ.

ಇದ್ದ ಹೆಸರುಗಳು ಮುಗಿದವು. ಇವತ್ತು ಒಂದನ್ನು ನಾನೇ ಮಾಡಿದೆ. ಅವ್ವ ಒಲೆ ಸಾರಿಸಲು ಕರಿಮಣ್ಣು ಕಲಸುತ್ತಿದ್ದಳು. ಕಾಮೆಂಟುಗಳಲ್ಲಿ ‘ಡ್ರೋನ್’ ಎಂಬ ಮಾತು ಕಂಡಿತ್ತು—ಒಂದೇ ಸ್ವರವನ್ನು ಎಳೆದುಕೊಂಡು ಕೂಡುವುದಂತೆ. ಎರಡನ್ನೂ ಸೇರಿಸಿದೆ.

ಇದು ಕರಿಮಣ್ಣು ಡ್ರೋನ್ ಆಗಬೇಕಿತ್ತು. ಆಗಲಿಲ್ಲ.

ಇಷ್ಟೇ ಹಾಕಿದೆ. ರೊಟ್ಟಿ ಬೇಯುವಷ್ಟರಲ್ಲಿ ಹುಬ್ಬಳ್ಳಿಯವನ ಉತ್ತರ: ‘ಕರಿಮಣ್ಣು ಡ್ರೋನ್ ಈಗ ತುಂಬ ಕಮರ್ಷಿಯಲ್ ಆಗಿದೆ. ಹತ್ತು ವರ್ಷದ ಹಿಂದಿನದು ಕೇಳಬೇಕು.’

ಒಲೆಯ ಮುಂದೆ ಒಬ್ಬಳೇ ನಕ್ಕೆ. ಅವ್ವ ಏನಾತು ಅಂದಳು. ಏನಿಲ್ಲ ಅಂದೆ.


ಆಗಸ್ಟ್ ೨೪

ಗೌರೀಶ ಬ್ಯಾಂಡಿನ ಹೆಸರಿನ ಕೆಳಗೆ ಬರೆದೇಬಿಟ್ಟ: ‘ಕರ್ನಾಟಕದ ಮೊದಲ ಕರಿಮಣ್ಣು ಡ್ರೋನ್ ಬ್ಯಾಂಡ್’. ಶೆಡ್ಡಿನಲ್ಲೂ ಎಲ್ಲರಿಗೂ ಹೇಳಿಕೊಂಡು ಬಂದ. ರತ್ನಾಬಾಯಿ ಕೇಳಿದಳು, “ಹೊಲಕ್ಕ ಎಣ್ಣಿ ಹೊಡಿಯೂ ಡ್ರೋನ್ ಏನ್ರಿ? ನಮ್ಮ ಕಬ್ಬಿಗೆ ಒಂದೀಟು ಹೊಡದು ಕೊಡ್ರಿ.”

ಅವನು ಸಿಟ್ಟಾದ.

ಇನ್ನು ಡ್ರಮ್ಸ್. ಮಾಳಿಂಗರಾಯ.

ಮೊದಲು ಅವನ ಮನೆಗೇ ಹೋದೆ, ಹುನ್ನೂರಿಗೆ. ಕೇಳಿದೆ. “ಅಣ್ಣಾ, ಅವತ್ತ ಆ ದನಿ ನಂದು ಅಂತ ನೀ ಯಾಕ ಹೇಳಲಿಲ್ಲ?”

ಅವನು ಡೊಳ್ಳಿನ ಹಗ್ಗ ಬಿಗಿದ. “ಹೇಳಿದ್ರ ನನ್ನೂ ತಗೀತಿದ್ದ, ಪೂನಮ್. ಮುಧೋಳದಾಗ ಶೋ ಐತಿ ಮುಂದಿನ ತಿಂಗಳ. ಪೋಸ್ಟರ್‌ದಾಗ ನನ್ನ ಹೆಸರು ಹಾಕಿಸ್ಯಾನ. ದೊಡ್ಡ ಅಕ್ಷರದಾಗ.”

ಪೋಸ್ಟರ್ ತೋರಿಸಿದ. ಗೋಡೆಗೆ ಅಂಟಿಸಿದ್ದ. ದೇವರ ಫೋಟೋದ ಪಕ್ಕ.

ಬಸ್ಸಿನಲ್ಲಿ ಕೂತು ಕರಿಗಲ್ಲಿನ ಹೆಸರಲ್ಲಿ ಬರೆದೆ: ಡ್ರೋನ್‌ಗೆ ಡ್ರಮ್ಸ್? ಪ್ಯೂರ್ ಅಲ್ಲ. ಅಳಿಸಿ ಮತ್ತೆ ಬರೆದೆ. ಒತ್ತಿದೆ. ಅವನಿಗೆ ತನ್ನ ಹೆಸರು ಬೇಕಿತ್ತು. ನನಗೂ ನನ್ನ ಹೆಸರು ಬೇಕಿತ್ತು.


ಸೆಪ್ಟೆಂಬರ್ ೨

ಮಾಳಿಂಗರಾಯನನ್ನು ತೆಗೆದ. ಹೊಸ ಪೋಸ್ಟರ್ ಬಂದಿದೆ. ಗೌರೀಶ ಒಬ್ಬನೇ.

ಅಣ್ಣ ಬನಹಟ್ಟಿಗೆ ಬಂದಿದ್ದ. ಅವ್ವ ಕೊಟ್ಟ ಚಹಾ ಆರಿತು. “ಕರಿಗಲ್ಲು ಅಂತ ಯಾವನೋ ಅದಾನಂತ. ಕೈಗೆ ಸಿಗಲಿ ನನಗ. ಡೊಳ್ಳಿಗೆ ಕಟ್ಟೇ ಬಾರಸ್ತೇನಿ.”

ಬಟ್ಟಲು ತೊಳೆಯಲು ಎದ್ದು ಹೋದೆ. ಇದನ್ನೂ ಮನಸ್ಸಿನಲ್ಲಿ ಗೌರೀಶನ ಮೇಲೆಯೇ ಹಾಕಿದೆ. ಅವನು ಕದಿಯದಿದ್ದರೆ ಇದೆಲ್ಲ ಎಲ್ಲಿತ್ತು?


ಸೆಪ್ಟೆಂಬರ್ ೧೪

ಈಗ ಸಿಕ್ಕಿಬಿದ್ದ.

ಇನ್‌ಬಾಕ್ಸ್: ‘ಸರ್, ಶೋದಲ್ಲಿ ವೋಕಲ್ಸ್ ರೆಕಾರ್ಡ್ ಹಾಕಿದರೆ ನಡೆಯುತ್ತದೆಯೇ?’

ಅವನ ಗಂಟಲಲ್ಲಿ ಆ ದನಿ ಎಲ್ಲಿದೆ! ಶೆಡ್ಡಿನಲ್ಲಿ ಬಾಗಿಲು ಹಾಕಿಕೊಂಡು ಒಂದು ವಾರದಿಂದ ಒದರುತ್ತಿದ್ದಾನೆ. ಕೋಳಿಯ ಕುತ್ತಿಗೆ ಹಿಡಿದ ಹಾಗಿದೆ. ಮಗ್ಗದವರು ಮಗ್ಗ ನಿಲ್ಲಿಸಿ ಕೇಳಿ ನಕ್ಕರು.

ಉತ್ತರಿಸಿದೆ. ಒಂದೇ ಮಾತು. ಪೋಸರ್.


ಸೆಪ್ಟೆಂಬರ್ ೧೬

ನನ್ನ ಹತ್ತಿರ ಬಂದ. ಬರುತ್ತಾನೆ ಅಂತ ಗೊತ್ತಿತ್ತು. ರತ್ನಾಬಾಯಿಯನ್ನು ನೀರಿಗೆ ಕಳಿಸಿ, ಸೀರೆಯ ಗಂಟಿನ ಮೇಲೆ ಕೂತ.

“ಪೂನಮ್, ಒಂದು ಮಾತು. ಶೋದಾಗ ಹಿಂದ ನಿಂತು ಒದರತೀಯೇನ? ಮಂದಿಗೆ ಕಾಣಬಾರದು. ಮೈಕ್ ಕೊಡತೇನಿ. ನಾ ಮುಂದ ಬಾಯಿ ತಗೀತೇನಿ, ನೀ ಅಲ್ಲಿಂದ…”

“ನಂದು ಡೆತ್ ದನಿರಿ.”

“ಡ್ರೋನ್‌ದಾಗ ನಡೀತೈತಿ. ನೀ ನಾಚಗುಳಿ, ನಿನಗೂ ಛಲೋನ ಅಲ್ಲ? ಯಾರೂ ನೋಡಾಂಗಿಲ್ಲ.”

“ಹೂಂರಿ,” ಅಂದೆ.

ಅವನು ಎದ್ದು ಹೋದ. ನಾನು ಚೀಟಿ ಅಂಟಿಸಿದೆ. ಒಂದೂ ಸೊಟ್ಟ ಆಗಲಿಲ್ಲ. ಅವನು ಬಾಯಿ ತೆರೆಯಲಿ. ನಾನು ಮುಚ್ಚಿಕೊಂಡಿರುತ್ತೇನೆ. ಅಷ್ಟೂ ಮಂದಿಯ ಎದುರು ತೆರೆದ ಬಾಯಿ, ಒಳಗೆ ಏನೂ ಇಲ್ಲ. ಇದಕ್ಕಿಂತ ಒಳ್ಳೆಯ ದಿನ ನನಗೆ ಬರುವುದಿಲ್ಲ.


ಸೆಪ್ಟೆಂಬರ್ ೨೯, ಸೋಮವಾರ

ನಿನ್ನೆಯದನ್ನು ಬರೆಯಬೇಕು. ಕೆಲಸಕ್ಕೆ ಹೋಗಿಲ್ಲ.

ಮುಧೋಳದ ಒಂದು ಮಂಗಲ ಕಾರ್ಯಾಲಯ. ಹಿಂದಿನ ದಿನ ಮದುವೆ ಆಗಿತ್ತು. ಸ್ಟೇಜಿನ ಹಿಂದೆ ಥರ್ಮಾಕೋಲಿನ ಅಕ್ಷರ ಇನ್ನೂ ಹಾಗೇ ಇತ್ತು—ಗಂಗಾಂಬಿಕಾ, ನಡುವೆ ಕೆಂಪು ಹೃದಯ, ಅಂದಾನೆಪ್ಪ. ಕೆಳಗೆ ಕಪ್ಪು ಟಿ-ಶರ್ಟಿನ ಹುಡುಗರು, ಅರ್ಧ ಸಭಾಂಗಣದಷ್ಟು. ಅವ್ವ ಒಬ್ಬಳೇ ಹೋಗಬೇಡ ಅಂದಿದ್ದಕ್ಕೆ ಮಾಳಿಂಗರಾಯ ಜೊತೆಗೆ ಬಂದಿದ್ದ. ಹೊಸ ಅಂಗಿ ಹಾಕಿಕೊಂಡು, ಕೊನೆಯ ಕುರ್ಚಿಯಲ್ಲಿ, ಯಾರ ಮುಖವನ್ನೂ ನೋಡದೆ ಕೂತಿದ್ದ.

ನನ್ನನ್ನು ಮದುಮಗಳು ಸೀರೆ ಉಡುವ ಕೋಣೆಯಲ್ಲಿ ನಿಲ್ಲಿಸಿದರು. ಕನ್ನಡಿಯ ತುಂಬ ಯಾರೋ ಅಂಟಿಸಿದ ಹಣೆಯ ಟಿಕಲಿ. ಕೈಯಲ್ಲಿ ಮೈಕ್. ಬಾಗಿಲ ಸಂದಿಯಿಂದ ಅವನ ಬೆನ್ನು ಕಾಣುತ್ತಿತ್ತು.

ಗಿಟಾರ್ ಒಂದೇ ಸ್ವರ ಎಳೆಯಿತು. ಬಾಯಿ ತೆರೆದ.

ನಾನು ಮದುಮಗಳ ಕುರ್ಚಿಯ ಮೇಲೆ ಕೂತೆ. ಸುಮ್ಮನೆ.

ಅವನು ಬಾಯಿ ಮುಚ್ಚಿ ಮತ್ತೆ ತೆರೆದ. ಏನೂ ಇಲ್ಲ. ಕುತ್ತಿಗೆ ತಿರುಗಿಸಿ ಬಾಗಿಲ ಕಡೆ ನೋಡಿದ. ಬೆವರಿಗೆ ಮುಖದ ಬಿಳಿ ಬಣ್ಣ ಇಳಿಯುತ್ತಿತ್ತು. ಆ ಕಣ್ಣು ನೋಡಿದೆ. ಎಷ್ಟು ಹಿತವಾಯಿತು! ಮೂರು ತಿಂಗಳು ಇದಕ್ಕೇ ಕಾದಿದ್ದೆ. ಈಗ ನಗುತ್ತಾರೆ, ಈಗ ಕೂಗುತ್ತಾರೆ ಅಂತ ಕಾದೆ.

ಮುಂದಿನ ಸಾಲಿನಲ್ಲಿ ಒಬ್ಬ ಕಣ್ಣು ಮುಚ್ಚಿಕೊಂಡ. ತಲೆ ಆಡಿಸಿದ. ಇನ್ನೊಬ್ಬ ಮೆಲ್ಲಗೆ ಅಂದ, “ಮಿನಿಮಲ್.”

“ವಾಯ್ಡ್ ಡ್ರೋನ್ ಲೇ ಇದು. ಶೂನ್ಯ.”

“ವಾಯ್ಡ್ ಅಲ್ಲ, ಆ್ಯಂಟಿ-ವೋಕಲ್.”

ಚಪ್ಪಾಳೆ! ಎದ್ದು ನಿಂತು ಚಪ್ಪಾಳೆ. ಗೌರೀಶನಿಗೆ ಅರ್ಥವಾಯಿತು. ಇನ್ನಷ್ಟು ಅಗಲ ಬಾಯಿ ತೆರೆದ. ಕೈಗಳನ್ನು ಎರಡೂ ಕಡೆ ಚಾಚಿದ.

ಮೊದಲು ನನ್ನ ದನಿ ತೆಗೆದುಕೊಂಡ. ಈಗ ನಾನು ಸುಮ್ಮನಿದ್ದದ್ದನ್ನೂ ತೆಗೆದುಕೊಂಡ.

ಹೇಗೆ ಎದ್ದೆನೋ ತಿಳಿಯದು. ಬಾಗಿಲು ದೂಡಿಕೊಂಡು ಹೊರಗೆ ಬಂದೆ. ದೀಪ ಕಣ್ಣಿಗೆ ಹೊಡೆಯಿತು. ಕಣ್ಣು ಮುಚ್ಚಲಿಲ್ಲ. ಅವನ ಎದುರು ನಿಂತು, ಅವನ ಮುಖಕ್ಕೇ ಒದರಿದೆ. ಹೊಟ್ಟೆಯ ಬುಡದಿಂದ. ‘ಹಲ್ಲು ತಾ.’ ಅವನು ಹಿಂದೆ ಸರಿದ. ‘ಹಸಿವು ತಾ.’ ಇನ್ನೂ ಸರಿದ. ಬೆನ್ನು ಹೋಗಿ ಅಂದಾನೆಪ್ಪನಿಗೆ ತಾಗಿತು. ಥರ್ಮಾಕೋಲ್ ಮುರಿದು ಬಿತ್ತು. ನಾನು ನಿಲ್ಲಿಸಲಿಲ್ಲ. ಪೂರ್ತಿ ಹಾಡು ಮುಗಿಸಿದೆ. ಹಿಂದಿನ ಕುರ್ಚಿಯಿಂದ ಮಾಳಿಂಗರಾಯ ಓಡಿ ಬಂದವನು ಸ್ಟೇಜಿನ ಹಲಗೆಯನ್ನೇ ಬಡಿಯುತ್ತಿದ್ದ, ಎರಡೂ ಕೈಯಿಂದ.

ಕಿರುಚಿದರು ಎಲ್ಲರೂ. ಶೋ ನಡೆಸುವ ಹುಡುಗ ಓಡಿ ಬಂದು ಕೇಳಿದ, “ನಿಮ್ಮ ಹೆಸರೇನ್ರಿ?”

ಬರಲಿಲ್ಲ. ಹೆಸರು. ಮೂರಕ್ಷರ. ಅಷ್ಟು ಒದರಿದ ಬಾಯಲ್ಲಿ ಅದು ಬರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಗೌರೀಶ ನನ್ನ ಕೈಯ ಮೈಕ್ ತೆಗೆದುಕೊಂಡ. ಬಣ್ಣ ಒರೆಸಿಕೊಂಡ. “ಫ್ರೆಂಡ್ಸ್, ಇದು ನಮ್ಮ ಹೊಸ ಪ್ರಯೋಗ. ಫೀಮೇಲ್-ಫ್ರಂಟೆಡ್ ಕರಿಮಣ್ಣು ಡ್ರೋನ್.”

ಮತ್ತೆ ಚಪ್ಪಾಳೆ. ಹೆಸರು ಕೇಳಿದ ಹುಡುಗ ಅದನ್ನೇ ಬರೆದುಕೊಂಡು ಹೋದ.


ಅದೇ ದಿನ, ಸಂಜೆ ಆರು

ನಿನ್ನೆ ತಿರುಗಿ ಬರುವಾಗ ಬಸ್ಸಿನಲ್ಲಿ ನಡೆದದ್ದನ್ನು ಬರೆಯುವುದು ಬಿಟ್ಟಿತ್ತು. ಮಾಳಿಂಗರಾಯ ವಿಡಿಯೋ ನೋಡೋಣ ಅಂತ ನನ್ನ ಫೋನ್ ತೆಗೆದುಕೊಂಡ. ಕರಿಗಲ್ಲಿನ ಅಕೌಂಟ್ ತೆರೆದೇ ಇತ್ತು. ಒರಳುಕಲ್ಲನ್ನು ಗುರುತು ಹಿಡಿದ. ನಮ್ಮ ಮನೆಯ ಒರಳು ಅವನಿಗೆ ಗೊತ್ತಿಲ್ಲವೇ? ನನ್ನ ಮುಖ ನೋಡಿದ. ಫೋನ್ ನೋಡಿದ.

“ನನ್ನ ಯಾಕ ತಗಿಸಿದಿ ಬೇ?”

“ನೀ ಸುಮ್ನಿದ್ದಿ ಅವತ್ತ.”

ಕಿಟಕಿಯ ಕಡೆ ತಿರುಗಿದ. ಆಮೇಲೆ ಅಂದ, “ಹೌದ. ಸುಮ್ನಿದ್ನಿ.” ಸ್ವಲ್ಪ ಹೊತ್ತಾದ ಮೇಲೆ ಅವನ ಭುಜ ಕುಲುಕತೊಡಗಿತು. ಅಳುತ್ತಿದ್ದಾನೆ ಅಂದುಕೊಂಡೆ. ನಗುತ್ತಿದ್ದ. “ಒಳ್ಳಕಲ್ಲಿಗೆ ಸರ್ ಅಂದಾನಲ್ಲಲೇ ಮಗ!” ಕಂಡಕ್ಟರ್ ತಿರುಗಿ ನೋಡಿದ.


ಅಕ್ಟೋಬರ್ ೫, ಭಾನುವಾರ. ಮಧ್ಯಾಹ್ನ

ಶೋದ ವಿಡಿಯೋ ಹಾಕಿದ್ದಾರೆ. ಸಾವಿರ ಸಾವಿರ ಮಂದಿ ನೋಡಿದ್ದಾರೆ. ಎಲ್ಲ ಕಡೆ ಅದೇ: ಫೀಮೇಲ್-ಫ್ರಂಟೆಡ್, ಫೀಮೇಲ್-ಫ್ರಂಟೆಡ್. ಗಂಡಸು ಮುಂದೆ ನಿಂತರೆ ಅವನಿಗೊಂದು ಹೆಸರು. ಹೆಂಗಸು ನಿಂತರೆ ಅವಳಿಗೊಂದು ಚೀಟಿ. ಫೀಮೇಲ್-ಫ್ರಂಟೆಡ್ ಹೌದೋ ಅಲ್ಲವೋ ಅಂತ ಈಗಾಗಲೇ ಜಗಳ ಶುರುವಾಗಿದೆ. ಪುಣೆಯಿಂದ ಗೌರೀಶನಿಗೆ ಕರೆ ಬಂದಿದೆಯಂತೆ. ನಿನ್ನೆ ಶೆಡ್ಡಿನಲ್ಲಿ ಹೇಳಿದ, “ಇನ್ನಮ್ಯಾಲ ನೀ ಮುಂದ ನಿಲ್ಲು. ನಡೀತೈತಿ.” ಹೆಸರು ಹಾಕುತ್ತೀರಾ ಅಂತ ಕೇಳಲು ಹೋದೆ. ಅಷ್ಟರಲ್ಲಿ ಫೋನ್ ಬಂತು ಅವನಿಗೆ.

ಮಾಳಿಂಗರಾಯ ಬಂದಿದ್ದಾನೆ. ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಾನೆ.

ಈಗಷ್ಟೇ ಇನ್‌ಬಾಕ್ಸ್: ‘ಸರ್, ಈಗಲಾದರೂ ಪ್ಯೂರ್ ಅಲ್ಲವೇ?’

ಕೇಳಿದೆ: ದನಿ ಯಾರದು?

‘ನಮ್ಮ ಶೆಡ್ಡಿನ ಒಬ್ಬ ಹುಡುಗಿ ಸರ್. ಹೆಸರು ಮುಖ್ಯ ಅಲ್ಲ. ಟೆಕ್ಸ್ಚರ್ ಮುಖ್ಯ.’

ಅಣ್ಣನಿಗೆ ಓದಿ ಹೇಳಿದೆ. ಅವನು ಶೇಂಗಾ ಬಿಟ್ಟ. “ಮತ್ತ ಏನ್ ಉಳದೈತಿ ತಗ್ಯಾಕ? ಕೀಬೋರ್ಡ್ ತಗಿಸಿದಿ. ನನ್ನ ತಗಿಸಿದಿ.”

ಉಳಿದಿದೆ.

ಇನ್‌ಬಾಕ್ಸಿನಲ್ಲಿ ಅಲ್ಲ, ವಿಡಿಯೋದ ಕೆಳಗೆ, ಎಲ್ಲರಿಗೂ ಕಾಣುವ ಹಾಗೆ ಬರೆದೆ:

ಹಾಡು ಪೂನಮ್‌ಳದು. ದನಿ ಪೂನಮ್‌ಳದು. ಗೌರೀಶ ಇದ್ದಾನೆ. ಪ್ಯೂರ್ ಅಲ್ಲ.

ಒತ್ತಿದೆ. ಈ ಸಲ ಅಳಿಸಿ ಬರೆಯಲಿಲ್ಲ.


ಮೂರು ಗಂಟೆ

ಲೈಕ್ ಏರುತ್ತಲೇ ಇದೆ. ‘ಮೊದಲ ವಿಡಿಯೋದಿಂದಲೇ ನನಗೂ ಹಾಗೆ ಅನ್ನಿಸಿತ್ತು’—ಹುಬ್ಬಳ್ಳಿಯವನು. ‘ಪೂನಮ್ ಒಬ್ಬರೇ ಇದ್ದರೆ ಪ್ಯೂರ್’—ಬೆಳಗಾವಿ. ‘ಪೂನಮ್ ಯಾರು? ಎಲ್ಲಿಯವರು?’ ‘ಪೂನಮ್ ಅವರ ಬೇರೆ ಹಾಡು ಇದೆಯೇ?’ ಪುಣೆಯವರೂ ಕೇಳಿದ್ದಾರೆ. ಅವ್ವನನ್ನು ಕರೆದು ತೋರಿಸಿದೆ. ಅವಳಿಗೆ ಓದಲು ಬಾರದು. ನನ್ನ ಹೆಸರು ಎಲ್ಲೆಲ್ಲಿದೆ ಅಂತ ಬೆರಳಿಟ್ಟು ತೋರಿಸಿದೆ. ಇಲ್ಲಿ. ಇಲ್ಲಿ. ಇಲ್ಲಿ.

ಇನ್‌ಬಾಕ್ಸ್ ತೆರೆದಿಟ್ಟಿದ್ದೇನೆ. ಗೌರೀಶ ಓದಿದ್ದಾನೆ.

ಮೂರು ಚುಕ್ಕೆ ಕುಣಿಯುತ್ತಿವೆ. ಬರೆಯುತ್ತಿದ್ದಾನೆ. ನಿಂತಿತು.

ಮತ್ತೆ ಬರೆಯುತ್ತಿದ್ದಾನೆ.

ನಿಂತಿತು. “ಏನಂತ?” ಅನ್ನುತ್ತಾನೆ ಅಣ್ಣ. ತಡಿ ಅಂದೆ.

ಬಂತು. ‘ಸರ್, ಹಾಗಾದರೆ ನಾನು ಬ್ಯಾಂಡ್ ಬಿಟ್ಟರೆ ಪ್ಯೂರ್ ಆಗುತ್ತದೆಯೇ?’